ಮುದ್ದಯ್ಯನ ಮಗಳ ಲಗ್ನಪತ್ರಿಕೆ

ಕಿರಂಗೂರಿನಲ್ಲಿ ಯಾರ ಮನೆಯ ಮದುವೆಯಾಗಲಿ, ಲಗ್ನಪತ್ರಿಕೆಯ ಪ್ರೂಫು ಮೊದಲು ಕನ್ನಡ ಮೇಷ್ಟ್ರು ಕೆಂಪಣ್ಣನವರ ಜಗಲಿಗೆ ಬರಬೇಕು. ಅವರು ಕೆಂಪು ಪೆನ್ನು ಬಿಚ್ಚಿ ಕೂತರೆಂದರೆ ಮುಗಿಯಿತು. ‘ಶುಭ’ಕ್ಕೆ ಹೊಟ್ಟೆ ಸೀಳಿಲ್ಲ, ‘ಜನರುಗಳು’ ಅಂತ ಬರೆದವನು ಯಾವನು, ಹೆಸರುಗಳ ನಡುವೆ ಅಲ್ಪವಿರಾಮ ಎಲ್ಲಿ ಎಂದು ಹೆಣ್ಣಿನ ಅಪ್ಪನನ್ನೇ ಗದರುವರು. ಅಚ್ಚಾಗಿ ಬಂದ ಪತ್ರಿಕೆಗಳಲ್ಲಿ ಮೊದಲನೆಯದು ದೇವರಿಗೆ, ಎರಡನೆಯದು ಮೇಷ್ಟ್ರಿಗೆ. ಆ ಎರಡನೆಯ ಪತ್ರಿಕೆಯ ಜಂಬದಲ್ಲೇ ಆಯಪ್ಪನ ತಲೆ ನರೆತಿತ್ತು.

ತೊಂಬತ್ತಾರರಲ್ಲಿ ಪಾಂಡವಪುರದ ಕಡೆಯಿಂದ ಪ್ರಮೀಳಾ ಟೀಚರು ಶಾಲೆಗೆ ಬಂದರು. ನಗುನಗುತ್ತಾ ತಪ್ಪು ತಿದ್ದುವ ಹೆಂಗಸು. ಆ ವರ್ಷವೇ, ಮೇಷ್ಟ್ರ ಜೊತೆ ಎಮ್ಮೆ ಕಾಯ್ದು ಬೆಳೆದ ಮುದ್ದಯ್ಯ, ಮಗಳು ಹೇಮಶ್ರೀಯ ಮದುವೆಯ ಪ್ರೂಫು ಹಿಡಿದು, ಇವರ ಜಗಲಿ ದಾಟಿ ಸೀದಾ ಟೀಚರ ಮನೆಗೆ ಹೋದ. ಅಯ್ಯೋ, ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಊಟ ಸೇರಲಿಲ್ಲ.

“ನಿಮ್ಗೆ ಒಟ್ಟೆಕಿಚ್ಚು ಕಣ್ರೀ,” ಎಂದರು ಹೆಂಡತಿ ಪುಟ್ಟಗೌರಮ್ಮ.

“ಒಟ್ಟೆ ಅಲ್ಲ ಕಣೇ, ಹೊಟ್ಟೆ!” ಎಂದು ಮೇಷ್ಟ್ರು ಸಿಡುಕಿದರು.

ಮರುದಿನ ಏನೋ ನೆಪ ಹೇಳಿ ಶ್ರೀರಂಗಪಟ್ಟಣದ ಪ್ರೆಸ್ಸಿಗೆ ಹೋದರು. ಟೀಚರು ತಿದ್ದಿ ಕಳಿಸಿದ ಪ್ರೂಫು ಮೇಜಿನ ಮೇಲಿತ್ತು. ಕಣ್ಣಾಡಿಸಿದರು. ಸಿಕ್ಕಿತು! ‘ವಧೂವರರನ್ನು ಆರ್ಶೀವದಿಸಬೇಕಾಗಿ’. ಅರ್ಕಾವತ್ತು ತಪ್ಪು ಜಾಗದಲ್ಲಿ ಕೂತಿತ್ತು. ಮೇಷ್ಟ್ರ ಎದೆ ತಣ್ಣಗಾಯಿತು. ಅದರ ಕೆಳಗೆ ಓದುವ ವ್ಯವಧಾನ ಯಾರಿಗಿತ್ತು? ಪ್ರೆಸ್ಸಿನವನ ಮುಂದೆ ತುಟಿ ಬಿಚ್ಚಲಿಲ್ಲ. ಅಚ್ಚಾಗಲಿ, ಚಪ್ಪರದಡಿ ಎಲ್ಲರೆದುರು ಓದಿ ಅವಳ ಮಾನ ಕಳೆಯುತ್ತೇನೆ ಎಂದುಕೊಂಡೇ ಬಸ್ಸು ಹತ್ತಿದರು.

ವಾರದ ಮೇಲೆ ಮುದ್ದಯ್ಯ ಬಂದ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಅರಿಶಿನ ಹಚ್ಚಿದ ಪತ್ರಿಕೆ.

“ದೇವ್ರ ಮುಂದೆ ಇಟ್ಟು ಸೀದಾ ಬಂದೆ ಕಣ್ಲಾ. ಎರಡ್ನೇದು ನಿಂದೇ.”

“ಪ್ರೂಫಿಗೆ ಮಾತ್ರ ನಾನು ಬ್ಯಾಡ್ವಾಗಿದ್ನೇನ್ಲಾ?” ಮೇಷ್ಟ್ರ ಮಾತಿನಲ್ಲಿ ಖಾರವಿತ್ತು.

“ನಿಂಗೆ ತೋರ್ಸಿದ್ರೆ ಕೆಳಗಿರೋದ್ನ ಅಳಿಸಾಕ್ಬುಡ್ತಿದ್ದೆ. ಅದ್ಕೇ ಕದ್ದು ಆಯಮ್ಮಂಗೆ ತೋರಿಸ್ದೆ. ನೋಡು.”

ಮೇಷ್ಟ್ರು ನೋಡಿದರು. ಅದೇ ತಪ್ಪು ಸಾಲಿನ ಕೆಳಗೆ, ‘ತಮ್ಮ ಸುಖಾಗಮನ ಬಯಸುವವರು’ ಎಂಬಲ್ಲಿ, ಮುದ್ದಯ್ಯನ ಹೆಸರಿಗಿಂತ ಮೇಲೆ ಅಚ್ಚಾಗಿತ್ತು: ‘ಹೆಣ್ಣಿನ ದೊಡ್ಡಪ್ಪ, ಕೆಂಪಣ್ಣ ಮೇಷ್ಟ್ರು’.

“ನಂಗೆ ಅಣ್ಣ ಅಂತ ಇರೋನು ನೀನೊಬ್ನೇ ತಾನೇ,” ಎಂದ ಮುದ್ದಯ್ಯ. “ನಾಳೆಯಿಂದ ಊರೂರ್ಗೆ ಅಂಚ್ಬೇಕು. ತಪ್ಪೇನಾರಾ ಅದಾ ನೋಡ್ಬುಡ್ಲಾ.”

ಮೇಷ್ಟ್ರ ಕೈ ಜೇಬಿನ ಪೆನ್ನಿನವರೆಗೆ ಹೋಗಿ ನಿಂತಿತು.

“ಇಲ್ಲ ಕಣ್ಲಾ,” ಎಂದರು. “ಒಂದೂ ಇಲ್ಲ.”