ಬ್ಯಾಡಗಿ ಮಾಳಿಗೆಯ ಮೇಲೆ ಒಣಗಿದ ಬಾಳೆಹಣ್ಣು

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹಾವೇರಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ನನ್ನ ಟಿಕೆಟಿಗೆ ಸೊನ್ನೆ, ನಮ್ಮವರಿಗೆ ಮಾತ್ರ ಪೂರ್ತಿ ದುಡ್ಡು. "ನಿನ್ನ ಹಣ್ಣಿನ ಹುಚ್ಚಿಗೆ ನಾ ಯಾಕ ರೊಕ್ಕ ಕೊಡಬೇಕು?" ಎಂದು ಗೊಣಗಿದರು. ಕಿಟಕಿಯ ಸೀಟು ಬಿಟ್ಟುಕೊಟ್ಟ ಮೇಲೆ ಸುಮ್ಮನಾದರು.

ಹುಚ್ಚು ಎಂದರೆ ಹುಚ್ಚೇ. ಭಾನುವಾರ ಮಗಳು ಸುಮಾ ಹುಬ್ಬಳ್ಳಿಯಿಂದ ಕೂಸನ್ನು ಕರೆದುಕೊಂಡು ಬರುವವಳಿದ್ದಳು. ಮೊಮ್ಮಗಳಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಸಕ್ಕರೆ, ಬೆಲ್ಲ ಎರಡೂ ಕೊಡಬಾರದೆಂದು ಸುಮಾಳ ಕಟ್ಟಪ್ಪಣೆ. ದೀಪಾವಳಿಯಲ್ಲಿ ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಅದರ ಬಾಯಿಗೆ ಉಂಡಿಯ ಚೂರು ಹಾಕುತ್ತಿದ್ದಾಗ ಸಿಕ್ಕಿಬಿದ್ದೆ. ಆಗ ಸುಮಾ ಜಗಳ ಆಡಲಿಲ್ಲ. "ಅವ್ವಾ, ಇನ್ನ ನಿನ್ನ ಕೈಗೆ ಕೂಸಿನ್ನ ಹೆಂಗ ಬಿಡ್ಲಿ?" ಎಂದಳು, ಅಷ್ಟೇ. ಅಂದಿನಿಂದ ಕೂಸಿಗೆ ಉಣಿಸುವವಳು ಅವಳೇ. ನಾನು ದೂರದಿಂದ ಚಪ್ಪಾಳೆ ತಟ್ಟುವವಳು. ಹೇಳಿಬಿಡುತ್ತೇನೆ, ಬಹಳ ನೊಂದುಕೊಂಡಿದ್ದೆ.

ಕೂಸಿಗೆಂದು ಸಕ್ಕರೆ ಹಾಕದ ಒಣಹಣ್ಣು ಹುಡುಕಿಕೊಂಡು ರಾಣೆಬೆನ್ನೂರಿನಲ್ಲಿ ಮೂರು ಅಂಗಡಿ ಸುತ್ತಿದೆವು. ಒಣ ಅನಾನಸು, ಒಣ ಮಾವು, ಒಣ ಪಪ್ಪಾಯಿ, ಎಲ್ಲವೂ ಮದುವೆಯ ಸೀರೆಯಂತೆ ಮಿಂಚುತ್ತಿದ್ದವು. ನಮ್ಮವರ ಚಾಳೀಸು ಕಸಿದುಕೊಂಡು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿದೆ. ಎಲ್ಲದರಲ್ಲೂ ಹಣ್ಣಿನ ಬೆನ್ನಿಗೇ ಸಕ್ಕರೆ. ಮೂರನೆಯ ಅಂಗಡಿಯ ಯಜಮಾನರು ನನ್ನ ಮುಖ ನೋಡಿ ನಕ್ಕುಬಿಟ್ಟರು.

"ಸಕ್ರಿ ಹಾಕಲಾರದ್ದು ಬೇಕಂದ್ರ ಖರ್ಜೂರ ಒಯ್ರಿ ಅಕ್ಕಾರ."

"ಖರ್ಜೂರ ಕೂಸು ಉಗುಳತೈತ್ರಿ."

"ಹಂಗಾರ ಮನ್ಯಾಗ ಮಾಡ್ರಿ. ಯಾಲಕ್ಕಿ ಬಾಳಿಹಣ್ಣು ಸೀಳಿ ಒಣಗಸ್ರಿ. ಇಂಥಾ ಬಿಸಲು ಎಲ್ಲಿ ಸಿಗತೈತಿ?"

ಬಿಸಿಲಿಗೇನೋ ಬರವಿಲ್ಲ, ಆದರೆ ನಮ್ಮದು ಹೆಂಚಿನ ಮನೆ. ಮಾಳಿಗೆ ಇರುವುದು ಬ್ಯಾಡಗಿಯಲ್ಲಿ, ನನ್ನ ಅಕ್ಕ ಗಿರಿಜಕ್ಕನ ಮನೆಗೆ. ಗಿರ್ಮಿಟ್ಟು ತಿಂದು, ನಾಲ್ಕು ಡಜನ್ ಹಣ್ಣು ಕೊಂಡು ಹೊರಟೆವು. ರೈಲಿಗೆ ಹೋಗೋಣ ಎಂದರು ನಮ್ಮವರು. ರೈಲಿನಲ್ಲಿ ನನಗೂ ಟಿಕೆಟ್ ತೆಗೆಸಬೇಕಲ್ಲ! ಮತ್ತೆ ಬಸ್ಸೇ ಹತ್ತಿಸಿದೆ.

ಬ್ಯಾಡಗಿ ಬಂತೆಂದು ಮೂಗೇ ಹೇಳಿತು. ಸುಗ್ಗಿಯ ಕಾಲ, ಊರೆಲ್ಲ ಮೆಣಸಿನಕಾಯಿ. ಇಳಿದವರೆಲ್ಲ ಸೀನುತ್ತಿದ್ದರು, ಊರವರು ಮಾತ್ರ ಆರಾಮಾಗಿದ್ದರು. ಗಿರಿಜಕ್ಕ ಪಡಸಾಲೆಯಲ್ಲಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಮೂವತ್ತು ವರ್ಷದಿಂದ ಅವಳ ಕೆಲಸ ಅದೇ. ವಿಷಯ ಹೇಳುವುದೇ ತಡ, ಎದ್ದು ಕೈ ತೊಳೆದುಕೊಂಡು ಬಂದಳು.

"ನಮ್ಮ ಸುಮಾನ ಕೂಸಿಗೇನ? ನೀ ಕುಂದ್ರು. ನಾ ಮಾಡತೇನಿ."

ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅರ್ಧದಷ್ಟು ಹಣ್ಣು ಸುಲಿದು, ಉದ್ದಕ್ಕೆ ಸೀಳಿ, ಒಗೆದ ಪಂಚೆಯ ಮೇಲೆ ಸಾಲಾಗಿ ಹರವಿದ್ದಳು. ಉಳಿದವು ಇನ್ನೂ ದೋರೆಯಾಗಿದ್ದವು, ಗೋಣಿಚೀಲದಲ್ಲಿ ಸುತ್ತಿಟ್ಟೆವು.

ಗುರುವಾರ ಮಧ್ಯಾಹ್ನ ನಮ್ಮವರು ಮಾಳಿಗೆಗೆ ಹೋಗಿ ರುಚಿ ನೋಡಲು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕೆಳಗೆ ಇಳಿದು ಬಂದವರ ಕಣ್ಣಲ್ಲಿ ನೀರು.

"ಏ ಶಾಂತಾ! ಇದು ಬಾಳಿಹಣ್ಣಲ್ಲ, ಮಿರ್ಚಿಭಜಿ!"

ನಾನು ಓಡಿಹೋಗಿ ನೆಕ್ಕಿದೆ. ಖರೇ. ಮೊದಲು ಸಿಹಿ, ಹಿಂದೆಯೇ ಉರಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಈಗ ಇಲ್ಲಿಗೆ ಹೊರಗಿನ ಖಾರದ ಕಾಯಿಯೂ ಬರುತ್ತದೆ, ಅಕ್ಕ ಆ ದಿನ ಬಿಡಿಸಿದ್ದು ಅದನ್ನೇ. ಒಂದು ಸಲ ತೊಳೆದರೆ ಹೋಗುವ ಖಾರವೇ ಅದು? ಗಿರಿಜಕ್ಕ ಎರಡು ತುಂಡು ತಿಂದು ನಮ್ಮನ್ನೇ ವಿಚಿತ್ರವಾಗಿ ನೋಡಿದಳು.

"ಎಲ್ಲೈತಿ ಖಾರ? ಬರೇ ಸಿಹಿ ಐತಿ."

ಅವಳ ಕೈಗೂ ನಾಲಿಗೆಗೂ ಅದು ಎಂದೋ ಗೊತ್ತಾಗದಂತಾಗಿತ್ತು. ನಮ್ಮವರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು ಅಂಗೈ ಮೂಸಿ ನೋಡಿಕೊಂಡಳು. "ಕೂಸಿನ ಬಾಯಿ ಸುಡತಿತ್ತಲ್ಲ ಶಾಂತಾ," ಎಂದಳು, ಸಣ್ಣ ದನಿಯಲ್ಲಿ. ನನಗೆ ದೀಪಾವಳಿಯ ನನ್ನದೇ ಮುಖ ನೆನಪಾಯಿತು.

ಗೋಣಿಚೀಲದ ಹಣ್ಣು ಅಷ್ಟರಲ್ಲಿ ಮಾಗಿದ್ದವು. ಹೊಸ ಚಾಕು ತರಿಸಿ ನಾನೇ ಸುಲಿದೆ, ನಾನೇ ಸೀಳಿದೆ. ಗಿರಿಜಕ್ಕ ಎರಡೂ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದಲ್ಲಿ ಕೂತು ಬಾಯಲ್ಲೇ ಕೆಲಸ ಮಾಡಿದಳು: ತೆಳ್ಳಗ ಸೀಳು, ಒಂದರ ಮ್ಯಾಲ ಒಂದು ಬೀಳಬಾರದು, ಸಂಜಿಗೆ ಒಳಗ ತರಬೇಕು. ಶುಕ್ರವಾರ, ಶನಿವಾರ ಕೆಲಸಕ್ಕೆ ರಜೆ ಹಾಕಿ ಕೊಡೆ ಹಿಡಿದು ಮಾಳಿಗೆಯಲ್ಲೇ ಕೂತಳು. ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಹಣ್ಣನ್ನು ಮಾತ್ರ ಬೆರಳಿನಿಂದ ಮುಟ್ಟಲಿಲ್ಲ. ಹೊರಳಿಸಲು ನನ್ನನ್ನೇ ಕೂಗುತ್ತಿದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮೇಲೆಯೇ ಉಂಡೆವು. ಮದುವೆಯಾದ ಮೇಲೆ ನಾವು ಅಕ್ಕತಂಗಿಯರು ಅಷ್ಟು ಹೊತ್ತು ಕೂತು ನಕ್ಕದ್ದು ಅದೇ ಮೊದಲು.

ಶನಿವಾರ ಸಂಜೆಗೆ ತುಂಡುಗಳು ಕಂದುಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಬಗ್ಗುವಂತಾದವು. ಭಾನುವಾರ ಬೆಳಿಗ್ಗೆ ಎರಡು ಡಬ್ಬಿ ಹಿಡಿದು ಹಾವೇರಿಗೆ ಬಂದೆವು. ಖಾರದ್ದನ್ನು ಎಸೆಯಲು ನನಗೆ ಮನಸ್ಸಾಗಿರಲಿಲ್ಲ.

ಸುಮಾ ಬಂದವಳೇ ತೆಗೆದದ್ದು ಆ ಡಬ್ಬಿಯನ್ನೇ. ನಾನು ಬೇಡ ಎನ್ನುವಷ್ಟರಲ್ಲಿ ಒಂದು ಬಾಯಿಗೆ ಹೋಗಿತ್ತು. ಕಣ್ಣರಳಿಸಿ ಅಗಿದಳು, ಮೂಗು ಒರೆಸಿಕೊಂಡಳು, ಆಮೇಲೆ ನಗತೊಡಗಿದಳು.

"ದೊಡ್ಡವ್ವ ಮಾಡ್ಯಾಳೇನ? ಸಣ್ಣಾಕಿದ್ದಾಗ ಅಕಿ ತುತ್ತು ಮಾಡಿ ಹಾಕಿದ್ರ ಮೊಸರನ್ನಾನೂ ಹಿಂಗ ಖಾರ ಇರ್ತಿತ್ತು. ಈ ಡಬ್ಬಿ ನಂದು, ಯಾರಿಗೂ ಕೊಡೂದಿಲ್ಲ."

ಇನ್ನೊಂದು ಡಬ್ಬಿಯನ್ನು ನಾನಾಗಿಯೇ ಮುಂದಿಟ್ಟೆ. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಖಾರವೂ ಇಲ್ಲ, ನೀನೇ ನೋಡು ಎಂದೆ. ಉಂಡಿಯ ಮಾತೂ ಬಂತು. ಕದ್ದು ಕೊಟ್ಟದ್ದು ತಪ್ಪು ಎಂದು ಅವಳೆದುರು ಮೊದಲ ಸಲ ಒಪ್ಪಿಕೊಂಡೆ. ಅವಳು ಒಂದು ತುಂಡು ತಿಂದಳು. ಸ್ವಲ್ಪ ತಡೆದು ಇನ್ನೊಂದು ತಿಂದಳು.

ಆಮೇಲೆ ಎದ್ದು ಕೂಸನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು.

"ಸಣ್ಣ ಸಣ್ಣ ಚೂರು ಮಾಡು. ನೀನ ತಿನಸವ್ವಾ," ಎಂದು ಹೇಳಿ, ತನ್ನ ಡಬ್ಬಿ ತೆಗೆದುಕೊಂಡು ದೊಡ್ಡವ್ವನಿಗೆ ಫೋನ್ ಮಾಡಲು ಹಿತ್ತಲಿಗೆ ಹೋದಳು. ತಿರುಗಿ ನೋಡಲಿಲ್ಲ.