ಚಿಮಿಣಿಎಣ್ಣೆಯಲ್ಲಿ ತೊಳೆದ ಕೈಗಳು

ಕೊಡಿಯಾಲ್‌ಬೈಲ್‌ನ ನಮ್ಮ ಕಚೇರಿಯಲ್ಲಿ ಕಳೆದ ವಾರ ಕಿಟಕಿಗಳಿಗೆ ಬಣ್ಣ ಬಳಿಯುತ್ತಿದ್ದರು. ತಿಳಿಯದೆ ಸರಳು ಮುಟ್ಟಿದೆ. ಹಸಿ ಬಣ್ಣ ಬೆರಳಿಗಂಟಿತು. ಪೈಂಟರ್ ಒಂದು ಬಾಟಲಿಯಿಂದ ನಾಲ್ಕು ಹನಿಯನ್ನು ಬಟ್ಟೆಗೆ ಸುರಿದು ಕೊಟ್ಟರು. "ಒರೆಸಿ ಮೇಡಂ. ಮತ್ತೆ ಸಾಬೂನು ಹಾಕಿದ್ರೆ ವಾಸನೆ ಹೋಗ್ತದೆ." ಬಾಟಲಿಯಲ್ಲಿದ್ದುದು ಸೀಮೆಎಣ್ಣೆ. ಅದು ಪುಸ್ತಕದ ಭಾಷೆಯ ಹೆಸರು, ನಮ್ಮ ಮನೆಯಲ್ಲಿ ಅದು ಚಿಮಿಣಿಎಣ್ಣೆ. ಆ ವಾಸನೆಯೊಡನೆ ಬಿಜೈಯ ನಮ್ಮ ಹಂಚಿನ ಮನೆಯ ಹಿಂಬದಿಯ ಜಗಲಿ, ಎಣ್ಣೆ ತುಂಬಿದ ತೆಂಗಿನ ಗೆರಟೆ, ಅಂಗಳಕ್ಕೆ ಚೆಲ್ಲಿದ ನೀರಿನ ಮೇಲೆ ತೇಲುತ್ತಿದ್ದ ಕಾಮನಬಿಲ್ಲಿನ ಬಣ್ಣಗಳು, ಎಲ್ಲವೂ ಮರಳಿ ಬಂದವು.

ನನ್ನ ಅಪ್ಪ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದರೂ, ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಅಕ್ಷರಗಳನ್ನು ಸರಾಗವಾಗಿ ಓದುತ್ತಿದ್ದರು. ಅಚ್ಚಿನ ಶಾಯಿ ನೀರಿಗೆ ಹೋಗುವಂಥದ್ದಲ್ಲ. ಮೊಳೆಗಳನ್ನು ತೊಳೆಯುವ ಚಿಮಿಣಿಎಣ್ಣೆಯಲ್ಲೇ ಕೈಯನ್ನೂ ತೊಳೆಯಬೇಕು. ಆಮೇಲೆ ಎಣ್ಣೆಯ ವಾಸನೆ ಕಳೆಯಲು ಅಕ್ಕಿಯ ತೌಡು, ಸಾಬೂನು, ಕೊನೆಗೆ ಲಿಂಬೆಯ ಸಿಪ್ಪೆ. ಇಷ್ಟೂ ಆಗದೆ ಅವರು ನನ್ನ ಪುಸ್ತಕ ಮುಟ್ಟುತ್ತಿರಲಿಲ್ಲ. ಅಮ್ಮನೊಡನೆ ತುಳುವಿನಲ್ಲಿ ಮಾತನಾಡುತ್ತಿದ್ದವರು, ಓದುವ ಹುಡುಗಿಯೆಂದು ನನ್ನೊಡನೆ ಮಾತ್ರ ಕನ್ನಡದಲ್ಲಿ ಮಾತನಾಡುತ್ತಿದ್ದರು. ಎರಡೂ ಅಂಗೈಗಳನ್ನು ನನ್ನ ಮೂಗಿನ ಮುಂದೆ ಹಿಡಿದು, ಅಚ್ಚಿನ ಕರಡು ತಿದ್ದಲು ಕೊಡುವವರಂತೆ ಕೇಳುತ್ತಿದ್ದರು: "ಪ್ರೂಫ್ ನೋಡು ಮಗಾ. ವಾಸನೆ ಉಂಟಾ?" ನಾನು ಗಂಭೀರವಾಗಿ ಮೂಸಿ, ಇಲ್ಲವೆಂದ ಮೇಲೆಯೇ ಪುಸ್ತಕ ಅವರ ಮಡಿಲಿಗೆ. ಗಂಜಿ ತಣಿಯಿತು, ನಿಮ್ಮ ಪ್ರೂಫ್ ಮುಗಿಯಲಿಲ್ಲವೇ ಎಂದು ಅಮ್ಮ ಒಳಗಿನಿಂದ ಕುಟುಕುತ್ತಿದ್ದಳು.

ಹತ್ತನೆಯ ತರಗತಿಯಲ್ಲಿ ನಾನು ಶಾಲೆಗೆ ಮೊದಲಿಗಳಾದೆ. ಬಹುಮಾನ ಪಡೆಯುವಾಗ ತಂದೆಯೋ ತಾಯಿಯೋ ಜೊತೆಗೆ ವೇದಿಕೆ ಹತ್ತಬೇಕಿತ್ತು. ಸಮಾರಂಭದ ಆಮಂತ್ರಣ ಪತ್ರಿಕೆಗೆ ಮೊಳೆ ಜೋಡಿಸಿದವರು ಅಪ್ಪನೇ. ಅದರಲ್ಲಿ ನನ್ನ ಹೆಸರೂ ಇತ್ತು. ಆ ಬೆಳಗ್ಗೆ ಅವರು ರಜೆ ಹಾಕಿ, ಬಿಳಿ ಅಂಗಿ ತೊಟ್ಟು, ಎಂದಿನಂತೆ ಅಂಗೈ ಚಾಚಿದರು. ಲಿಂಬೆಯ ಪರಿಮಳವಷ್ಟೇ ಇತ್ತು. ನನ್ನ ಕಣ್ಣು ಮಾತ್ರ ಉಗುರಂಚಿನ ಕಪ್ಪಿನ ಮೇಲೆ ನಿಂತಿತ್ತು. ಅದು ಯಾವ ಎಣ್ಣೆಗೂ ಹೋಗುತ್ತಿರಲಿಲ್ಲ. ವೇದಿಕೆಯ ಮೇಲೆ ಆ ಉಗುರುಗಳನ್ನು ಎಲ್ಲರೂ ಕಾಣುವರೆಂದು ಹೆದರಿ, ವಾಸನೆ ಉಂಟು ಎಂದೆ. ಅವರು ಮತ್ತೊಮ್ಮೆ ತೊಳೆದು ಬಂದರು. ನಾನು ಮತ್ತೊಮ್ಮೆ ಉಂಟು ಎಂದೆ. "ಹಾಗಾದ್ರೆ ಅಮ್ಮ ಬರಲಿ," ಎಂದು ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿದರು.

ಕಾಲಾನಂತರ ಮುದ್ರಣಾಲಯ ಮುಚ್ಚಿತು. ನಮ್ಮ ಕುಟುಂಬದಲ್ಲಿ ಮೊದಲ ಪದವೀಧರೆಯಾಗಿ ನಾನು ಪ್ರಮಾಣಪತ್ರ ತಂದ ದಿನ ಅಪ್ಪ, ವರ್ಷಗಳಿಂದ ಶಾಯಿ ಸೋಕದ ಕೈಗಳನ್ನು ತೊಳೆದು ಬಂದು, ನನ್ನ ಮುಂದೆ ಚಾಚಿದರು. ನನಗೆ ತಡೆಯಲಾಗಲಿಲ್ಲ.

"ಇಲ್ಲ ಅಪ್ಪ. ಅವತ್ತು ಸಹ ಇರಲಿಲ್ಲ."

ಅಪ್ಪ ಪ್ರಮಾಣಪತ್ರವನ್ನು ಮಡಿಲಲ್ಲಿಟ್ಟುಕೊಂಡು, ಕನ್ನಡದಲ್ಲಿದ್ದ ನನ್ನ ಹೆಸರಿನ ಮೇಲೆ ಅಕ್ಷರ ಅಕ್ಷರವಾಗಿ ಬೆರಳಾಡಿಸಿದರು. ತಲೆಯೆತ್ತದೆ ಹೇಳಿದರು: "ನನಗೂ ಮೂಗು ಉಂಟಲ್ಲ ಮಗಾ."

ಅಪ್ಪ ಈಗಿಲ್ಲ. ಮನೆಯಿದ್ದ ಜಾಗದಲ್ಲಿ ಫ್ಲ್ಯಾಟುಗಳೆದ್ದಿವೆ; ಆ ಜಗಲಿಯಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ನಿಮ್ಮ ಬಾಲ್ಯದಲ್ಲೂ, ಅಂದು ಮುಚ್ಚಿಟ್ಟು ಇಂದು ಹುಡುಕುವ ಇಂಥದೊಂದು ವಾಸನೆ ಇದ್ದೀತು. ಕಚೇರಿಯಲ್ಲಿ ಅಂದು ಸಾಬೂನು ಇತ್ತು, ನೀರೂ ಇತ್ತು. ಸಂಜೆಯವರೆಗೂ ನಾನು ಕೈ ತೊಳೆಯಲಿಲ್ಲ.