ತಿಕೋಟಾ ಬಸ್ಸಿನಲ್ಲಿ ಒಂದು ಹೊಸ ಶಬ್ದ

ಎಪ್ಪತ್ತರ ದಶಕದ ಕೊನೆಗೆ ನಾನು ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದೆ. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ‘ಹೋಮೋಫೋಬಿಯಾ’ ಎಂಬ ಹೊಸ ಶಬ್ದ ಸಿಕ್ಕಿತು. ಗಂಡಸನ್ನು ಪ್ರೀತಿಸುವ ಗಂಡಸರನ್ನು ಕಂಡರೆ ಜನರಿಗಾಗುವ ಅಂಜಿಕೆ, ಹೇಸಿಕೆಗೆ ಆ ಹೆಸರು. ಹಾಗಾದರೆ ರೋಗ ನನ್ನದಲ್ಲ, ಅವರದು ಎಂದು ಎದೆ ಕುಣಿಯಿತು. ಸಂಜೆ ತಿಕೋಟಾ ಬಸ್ಸಿನಲ್ಲಿ, ಪೂಜೆಯಾಗದೆ ಚಹಾ ಮುಟ್ಟದ ನನ್ನ ಗೆಳೆಯನಿಗೆ ಆ ಶಬ್ದವನ್ನೂ ಅದರ ಅರ್ಥವನ್ನೂ ಒಂದೇ ಉಸಿರಿಗೆ ಹೇಳಿದೆ.

“ನನ್ನ ಧರ್ಮ ಇದನ್ನ ಒಪ್ಪಂಗಿಲ್ಲ. ಅದಕ್ಕ ಅಂಜಿಕಿ ಅಂದ್ರ ಹೆಂಗ? ನಾ ಯಾರಿಗಿ ಅಂಜೇನಿ?” ಎಂದ.

“ನಾನೂ ಅಂಥಾಂವನ ಅದೀನಿ,” ಎಂದೆ.

ಊರು ಬರುವವರೆಗೂ ಅವನು ಕಿಟಕಿಯ ಕಡೆ ಮುಖ ತಿರುಗಿಸಿಯೇ ಕೂತ. ಆದರೆ ಪಕ್ಕದಿಂದ ಏಳಲಿಲ್ಲ. ಇಳಿಯುವಾಗ, “ನಾ ಇನ್ನೂ ಒಪ್ಪಿಲ್ಲ. ಆ ಶಬ್ದನೂ ತಪ್ಪೈತಿ. ನಾಳಿ ನನಗೂ ಜಾಗಾ ಹಿಡಿ, ಮತ್ತ ಮಾತಾಡೂಣು,” ಎಂದ.

ನಾನು ಮನೆಗೆ ಓಡಿಯೇ ಹೋದೆ.